ಹಸಿರು ಚುಕ್ಕೆಯ ಡಬ್ಬಿ

ಖಾನಾಪುರ
11 ಜುಲೈ 2025

ಚಿ. ಸೌ. ಪ್ರಾಚಿಗೆ ಅತ್ತೆ ರಾಜಮತಿಯ ಆಶೀರ್ವಾದ.

ಬುತ್ತಿಯ ಚೀಲದಲ್ಲಿ ಈ ಪತ್ರ ಇಟ್ಟಿದ್ದೇನೆ. ನಮ್ಮ ಓಣಿಯ ಹಣಮಪ್ಪ ಬೆಳಗಿನ ರೈಲಿಗೆ ಬೆಳಗಾವಿಯ ಪ್ರೆಸ್ಸಿನ ಕೆಲಸಕ್ಕೆ ಬರುವಾಗ ಇನ್ನು ದಿನಾ ಬುತ್ತಿ ತರುತ್ತಾನೆ. ಸಂಜೆ ಖಾಲಿ ಬುತ್ತಿಯ ಜೊತೆ ನಿನ್ನ ಉತ್ತರ ಕಳಿಸು. ಫೋನು ನನಗೆ ಆಗದು. ಕಿವಿ ಎರಡೂ ಹೋಗಿವೆ. ನೀನು ಅಲ್ಲಿ ಹೇಳಿದ್ದನ್ನು ಇಲ್ಲಿ ಯಾರೋ ನನ್ನ ಕಿವಿಯಲ್ಲಿ ಕೂಗಿ, ಓಣಿಗೆಲ್ಲ ನಮ್ಮ ಮನೆಯ ಸುದ್ದಿ ತಿಳಿಯುವುದು ಬೇಡ.

ನಿನ್ನೆ ಬಸದಿಯಲ್ಲಿ ಮುನಿಮಹಾರಾಜರ ಮುಂದೆ ವ್ರತ ತೆಗೆದುಕೊಂಡೆ. ಚಾತುರ್ಮಾಸ ಮುಗಿಯುವವರೆಗೆ ಖಾನಾಪುರದ ಸೀಮೆ ದಾಟುವುದಿಲ್ಲ. ವಿಪುಲನ ತೊಡೆಯ ಗಡ್ಡೆ ಕರಗಲಿ ಎಂದೇ ತೆಗೆದುಕೊಂಡದ್ದು. ಮಗನಿಗೆ ಇಂಥ ರೋಗ ಬಂದಾಗ ತಾಯಿ ಊರು ಬಿಟ್ಟು ಕದಲುವುದಿಲ್ಲವೆಂದರೆ ಜನ ಏನನ್ನುತ್ತಾರೆ ಎಂದು ನಿನಗೆ ಅನ್ನಿಸಬಹುದು. ಜನರನ್ನು ಕೇಳಿ ನಾನು ಇದುವರೆಗೆ ಯಾವ ನೇಮವನ್ನೂ ಹಿಡಿದಿಲ್ಲ.

ಸೋಮವಾರ ಅವನಿಗೆ ಮೂರನೆಯ ಸಲಾಯಿನ್. ಆ ಬಾಟಲಿಯಲ್ಲಿ ಏನಿದೆ? ಹೋದ ಸಲ ಕೇಳಿದರೆ 'ಹೊಸ ಔಷಧಿ' ಎಂದೆ. ಹೊಸದೋ ಹಳೆಯದೋ ಎಂದು ನಾನು ಕೇಳಿರಲಿಲ್ಲ. ಯಾವುದರಿಂದ ಮಾಡಿದ್ದು ಎಂದು ಕೇಳಿದ್ದೆ. ಬಾಟಲಿಯ ಮೇಲೆ ಹಸಿರು ಚುಕ್ಕೆ ಇದೆಯೋ ಕೆಂಪು ಚುಕ್ಕೆಯೋ ನೋಡಿ ಬರೆ. ಆ ಚುಕ್ಕೆ ನೋಡದೆ ಬಿಸ್ಕೀಟಿನ ಪೊಟ್ಟಣ ಕೂಡ ನಮ್ಮ ಹೊಸ್ತಿಲು ದಾಟುವುದಿಲ್ಲ. ನೀನು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ನಾನು ಎಸ್ಸೆಸ್ಸೆಲ್ಸಿ ಮುಗಿಸಿದವಳು. ಆದರೂ ಬಿಡಿಸಿ ಹೇಳಿದರೆ ತಿಳಿಯುತ್ತದೆ.

ರಾಜಮತಿ


ಟಿಳಕವಾಡಿ, ಬೆಳಗಾವಿ
14 ಜುಲೈ 2025

ಪೂಜ್ಯ ಅತ್ತೆಯವರಿಗೆ ಪ್ರಾಚಿಯ ನಮಸ್ಕಾರಗಳು.

ಸಲಾಯಿನ್ ಸುಸೂತ್ರವಾಗಿ ಮುಗಿಯಿತು. ಇನ್ನೊಂದು ಒಳ್ಳೆಯ ಸುದ್ದಿ: ಸ್ಕ್ಯಾನಿಂಗಿನಲ್ಲಿ ಗಡ್ಡೆ ಸಣ್ಣದಾಗಿದೆ. ಡಾಕ್ಟರು ಎರಡೆರಡು ಸಲ ಅಳೆದು ನೋಡಿ ನಕ್ಕರು. ಅವರು ನಕ್ಕದ್ದನ್ನು ನಾವು ಇವತ್ತೇ ಮೊದಲು ನೋಡಿದ್ದು. ನಿನ್ನೆ ಇವರು ಬಹಳ ದಿನಗಳ ಮೇಲೆ ತಮ್ಮ ಅಂಗಡಿಯ ಬಾಗಿಲು ತೆಗೆದು ಎರಡು ತಾಸು ಕುಳಿತಿದ್ದರು.

ಪಕ್ಕದ ಹಾಸಿಗೆಯಲ್ಲಿ ವಡಗಾವಿಯ ನೇಕಾರರ ಮನೆಯ ಶಿವಲಿಂಗವ್ವ ಎಂಬವರಿದ್ದಾರೆ. ಅವರಿಗೂ ಇದೇ ರೋಗ, ಇದೇ ಔಷಧಿ. ಇಡೀ ವಾರ್ಡನ್ನು ನಗಿಸುತ್ತಾರೆ. ಇವತ್ತು ಬಾಟಲಿ ನೋಡುತ್ತ, "ಏನ್ರಿ ಟೀಚರ, ಇಷ್ಟ ತುಟ್ಟಿ ನೀರು ನಮ್ಮ ಮನ್ಯಾಗ ಯಾರೂ ಕುಡದಿಲ್ಲ ನೋಡ್ರಿ. ನಮ್ಮ ಯಜಮಾನ ಜೀವನಪೂರ್ತಿ ಕುಡದದ್ದೂ ಇದರಷ್ಟ ಆಗಿರಾಕಿಲ್ಲ!" ಎಂದರು. ಇವರು ನಕ್ಕು ಕೆಮ್ಮಿ, ಸೂಜಿ ಸರಿದು, ನರ್ಸ್ ಇಬ್ಬರನ್ನೂ ಬೈದಳು.

ಔಷಧಿಗಳ ಮೇಲೆ ಚುಕ್ಕೆ ಹಾಕುವುದಿಲ್ಲ ಅತ್ತೆ. ನೀವು ಕೇಳಿದಿರೆಂದು ಓದಿ ತಿಳಿದುಕೊಂಡೆ. ಇದು ಸಮುದ್ರದಿಂದ ಬಂದದ್ದು. ಕಡಲ ಪಾಚಿಯ ಸತ್ವ. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಬೇಡಿ.

ಪ್ರಾಚಿ


ಖಾನಾಪುರ
18 ಜುಲೈ 2025

ಚಿ. ಸೌ. ಪ್ರಾಚಿಗೆ ಆಶೀರ್ವಾದ.

ಗಡ್ಡೆ ಸಣ್ಣದಾದ ಸುದ್ದಿ ಓದಿ ಬಸದಿಗೆ ಹೋಗಿ ಬಂದೆ. ಕಡಲ ಪಾಚಿಯ ವಿಷಯ ಪಂಡಿತರನ್ನು ಕೇಳಿದೆ. ಅದು ಸಸ್ಯದ ಜಾತಿ, ರೋಗಿಗೆ ಅಡ್ಡಿಯಿಲ್ಲ ಎಂದರು. ಇಷ್ಟನ್ನು ಹೇಳಲು ನಿನಗೆ ಒಂದು ತಿಂಗಳು ಏಕೆ ಬೇಕಾಯಿತೋ ತಿಳಿಯದು.

ನನ್ನ ತಮ್ಮ ಭೂಪಾಲ ವ್ಯಾಪಾರಕ್ಕೆ ಗೋವೆಗೆ ಹೋದವನು ಅಲ್ಲಿಂದ ಕಡಲ ಪಾಚಿಯ ಪುಡಿ ತಂದಿದ್ದಾನೆ. ದೊಡ್ಡ ಡಬ್ಬಿ, ಮೇಲೆ ಹಸಿರು ಚುಕ್ಕೆ ಚೆನ್ನಾಗಿ ಕಾಣುತ್ತದೆ. "ಅಕ್ಕಾ, ಅದೂ ಕಡಲಾಗಿಂದು, ಇದೂ ಕಡಲಾಗಿಂದು. ಅವರು ಸೂಜೀಲೆ ಕೊಡತಾರ, ನಾವು ಚಮಚೀಲೆ ಕೊಡೂಣು" ಎಂದು ನನ್ನ ಕಿವಿಯ ಹತ್ತಿರ ಕೂಗಿದ. ಅವನ ಮಾತಿನ ಮೇಲೆ ನಾನು ಹೋಗುವುದಿಲ್ಲ. ಕನ್ನಡಕ ಹಾಕಿಕೊಂಡು ಡಬ್ಬಿಯ ಮೇಲಿನ ಪ್ರತಿ ಅಕ್ಷರ ಓದಿದೆ. ಮೀನಿನ ಎಣ್ಣೆ ಇಲ್ಲ, ಎಲುಬಿನ ಅಂಶ ಇಲ್ಲ, ಮೊಟ್ಟೆ ಇಲ್ಲ. ನಿನ್ನ ಅಭಿಪ್ರಾಯ ಬರೆ.

ರಾಜಮತಿ


ಟಿಳಕವಾಡಿ
18 ಜುಲೈ 2025

ಪೂಜ್ಯ ಅತ್ತೆಯವರಿಗೆ,

ಮೇಜಿನ ಮೇಲೆ ಪರೀಕ್ಷೆಯ ಉತ್ತರಪತ್ರಿಕೆಗಳಿವೆ, ಬಾಗಿಲಲ್ಲಿ ಹಣಮಪ್ಪ ರೈಲಿಗೆ ತಡವಾಯಿತೆಂದು ನಿಂತಿದ್ದಾನೆ. ಆದ್ದರಿಂದ ಎರಡೇ ಮಾತು. ಪುಡಿ ಬೇಡ. ಡಾಕ್ಟರನ್ನು ಕೇಳದೆ ಹೊರಗಿನದು ಏನನ್ನೂ ಕೊಡಬಾರದು. ಭೂಪಾಲ ಮಾಮನಿಗೆ ಅಕ್ಕಿ ವ್ಯಾಪಾರ ಗೊತ್ತು, ಔಷಧಿ ಗೊತ್ತಿಲ್ಲ.

ಪ್ರಾಚಿ


ಖಾನಾಪುರ
21 ಜುಲೈ 2025

ಚಿ. ಸೌ. ಪ್ರಾಚಿಗೆ,

ಅಭಿಪ್ರಾಯ ಕೇಳಿದ್ದೆ, ಅಪ್ಪಣೆ ಬಂತು. ಇರಲಿ. ನಿನ್ನ ಮಾವ ತೀರಿಕೊಂಡ ಮೇಲೆ ಈ ಮನೆ ಮತ್ತು ಗಿರಣಿ ಎರಡನ್ನೂ ನಡೆಸಿದವಳಿಗೆ ಯಾರಿಗೆ ಏನು ಗೊತ್ತು ಎಂಬುದನ್ನು ಹೇಳಿಕೊಡುವ ಅಗತ್ಯವಿರಲಿಲ್ಲ.

ಪುಡಿಯ ಮಾತು ಇನ್ನು ಬೇಡ.

ಇಂದಿನಿಂದ ಬುತ್ತಿಯಲ್ಲಿ ಚಪಾತಿಯ ಬದಲು ವಿಪುಲನಿಗೆಂದು ಬೇರೆಯಾಗಿ, ಹಿಟ್ಟಿಗೆ ಖಾರ ಮಸಾಲೆ ಕಲಸಿ ತಟ್ಟಿದ ದಪಾಟಿ ಇರುತ್ತದೆ. ಹಸಿರು ಕಂಡರೆ ಸೊಪ್ಪೆಂದು ತಿಳಿ. ಅವನ ಪಾಲಿನದನ್ನು ಅವನೇ ತಿನ್ನಬೇಕು, ಮುಗಿಸಬೇಕು. ಹೊತ್ತು ಮುಳುಗುವ ಮೊದಲೇ ಉಣ್ಣಲು ಹೇಳು.

ರಾಜಮತಿ


ಟಿಳಕವಾಡಿ
1 ಆಗಸ್ಟ್ 2025

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಇಷ್ಟು ದಿನ ಬರೆಯಲಿಲ್ಲ. ನನ್ನ ಆ ಪತ್ರ ನಿಮಗೆ ನೋವು ಕೊಟ್ಟಿತೆಂದು ಗೊತ್ತು. ಅವಸರದಲ್ಲಿ ಬರೆದದ್ದು.

ದಪಾಟಿಯನ್ನು ಇವರು ದಿನಾ ಮುಗಿಸುತ್ತಾರೆ. ಮೊನ್ನೆ ಮೂಗಿನ ಹತ್ತಿರ ಹಿಡಿದು, "ಪ್ರಾಚಿ, ಅವ್ವ ಜಾತಿ ಬಿಟ್ಟಳೇನ? ಮೀನ ಮಾರ್ಕೆಟ್ಟಿನ ಬಾಜೂಕ ಹೋದಂಗ ವಾಸನಿ ಬರಾಕತ್ತೇತಿ" ಎಂದರು. ನಾನು, "ಹಂಗಂತ ಬರದ ಕಳಸಲೇನ?" ಎಂದೆ. "ಮಾರಾಯ್ತಿ, ಬ್ಯಾಡ. ಸಾಯೂದಿದ್ರ ರೋಗದಿಂದ ಸಾಯತೇನಿ, ಅವ್ವನ ಕೈಲೆ ಬ್ಯಾಡ" ಎಂದು ಪೂರ್ತಿ ತಿಂದರು. ಚಾತುರ್ಮಾಸದಲ್ಲಿ ನೀವು ಮಗನಿಗಾಗಿ ಸೊಪ್ಪು ಮುಟ್ಟುತ್ತಿದ್ದೀರಿ ಎಂಬುದೇ ಅವರಿಗೆ ದೊಡ್ಡದಾಗಿದೆ.

ಸುದ್ದಿ ಒಳ್ಳೆಯದಿಲ್ಲ. ರಕ್ತ ಪರೀಕ್ಷೆಯಲ್ಲಿ ಲಿವರ್ ಕೆಟ್ಟಿದೆಯೆಂದು ಬಂದಿದೆ. ಈ ಔಷಧಿ ಲಿವರಿಗೆ ಭಾರ, ಆದರೆ ಪರೀಕ್ಷೆಯ ಅಂಕಿ ಇಷ್ಟು ಬೇಗ ಇಷ್ಟೊಂದು ಏರಬಾರದು ಎಂದರು ಡಾಕ್ಟರು. ಸೋಮವಾರದ ಸಲಾಯಿನ್ ನಿಲ್ಲಿಸಿದ್ದಾರೆ. "ನಾಟಿ ಔಷಧ, ಪುಡಿ, ಕಷಾಯ ಏನರ ಕೊಟ್ಟೀರೇನ್ರಿ? ಖರೇ ಹೇಳ್ರಿ, ನಾ ಬೈಯೂದಿಲ್ಲ" ಎಂದು ಕೇಳಿದರು. "ಇಲ್ರಿ. ನಮ್ಮ ಅತ್ತಿ ಹೂಂ ಅನ್ನದ ನಮ್ಮ ಮನ್ಯಾಗ ಉಪ್ಪೂ ಬಾಯಿಗೆ ಹೋಗೂದಿಲ್ಲ" ಎಂದೆ. ಆ ಪುಡಿಯ ಮಾತು ಬೇಡವೆಂದು ನೀವೇ ಬರೆದಿದ್ದಿರಿ. ನಿಮ್ಮ ಮಾತೆಂದರೆ ಮಾತು ಎಂದು ನನಗೆ ಗೊತ್ತು.

ಪ್ರಾಚಿ


ಖಾನಾಪುರ
2 ಆಗಸ್ಟ್ 2025

ಚಿ. ಸೌ. ಪ್ರಾಚಿಗೆ,

ಗಡ್ಡೆ ಕರಗುತ್ತಿರುವಾಗ ಔಷಧಿ ನಿಲ್ಲಿಸುವುದು ಎಂಥ ವೈದ್ಯ? ಅರ್ಧಕ್ಕೆ ಬಿಟ್ಟರೆ ಅದು ಮತ್ತೆ ಬೆಳೆಯುವುದಿಲ್ಲವೇ? ನೀನು ಎದುರು ಮಾತಾಡಲಿಲ್ಲವೇ? ನನ್ನ ಎದುರು ಬರುವ ಬಾಯಿ ಅಲ್ಲಿ ಎಲ್ಲಿ ಹೋಗಿತ್ತು?

ಅವರು ನಿಲ್ಲಿಸಿದರೆ ನಿಲ್ಲಿಸಲಿ. ನಾವು ಕೈಕಟ್ಟಿ ಕುಳಿತುಕೊಳ್ಳುವವರಲ್ಲ. ಇಂದಿನಿಂದ ದಪಾಟಿ ಎರಡಲ್ಲ, ನಾಲ್ಕು. ಸಾಕು ಎಂದರೂ ತಿನ್ನಿಸು. ವಾಸನೆ ಬಂದರೆ ಉಪ್ಪಿನಕಾಯಿ ಹಚ್ಚಿಕೊಳ್ಳಲಿ, ನಿಂಬೆಕಾಯಿಯದನ್ನು ಇಟ್ಟಿದ್ದೇನೆ.

ಮಹಾರಾಜರ ಮುಂದೆ ಇನ್ನೊಂದು ನೇಮ ಹಿಡಿದಿದ್ದೇನೆ. ಅವನು ನಡೆದುಕೊಂಡು ಈ ಮನೆಗೆ ಬರುವವರೆಗೆ ತುಪ್ಪ, ಹಾಲು ಮುಟ್ಟುವುದಿಲ್ಲ. ಇದನ್ನು ಅವನಿಗೆ ಹೇಳಬೇಡ.

ರಾಜಮತಿ


ಬೆಳಗಾವಿ, ಆಸ್ಪತ್ರೆಯಿಂದ
12 ಆಗಸ್ಟ್ 2025

ಪೂಜ್ಯ ಅತ್ತೆಯವರಿಗೆ,

ನಿನ್ನೆ ಬೆಳಿಗ್ಗೆ ಇವರ ಕಣ್ಣು ಅರಿಶಿನದ ಹಾಗೆ ಆಗಿದ್ದವು. ಆಸ್ಪತ್ರೆಗೆ ಸೇರಿಸಿದ್ದೇವೆ. ಮೈಯೆಲ್ಲ ತುರಿಕೆ, ವಾಂತಿ. ಕೊನೆಯ ಸಲಾಯಿನ್ ಆಗಿ ನಾಲ್ಕು ವಾರವಾದರೂ ಲಿವರ್ ಇನ್ನೂ ಕೆಡುತ್ತಲೇ ಇದೆ. ಏಕೆಂದು ಡಾಕ್ಟರಿಗೆ ತಿಳಿಯುತ್ತಿಲ್ಲ.

ಇಂಥ ಹೊತ್ತಿನಲ್ಲಿ ನಿಮಗೆ ಒಂದು ವಿಷಯ ಹೇಳದೆ ಇರಲಾರೆ. ಬಾಟಲಿಯ ಔಷಧಿ ಕಡಲ ಪಾಚಿಯದಲ್ಲ. ಸಮುದ್ರದ ತಳದ ಕಲ್ಲಿಗೋ ದಂಡೆಯ ಗಿಡದ ಬೇರಿಗೋ ಅಂಟಿಕೊಂಡು, ನೀರು ಹೀರಿ ನೀರು ಉಗುಳುತ್ತ ಬದುಕುವ ಮೆತ್ತನೆಯ ಒಂದು ಜೀವಿ ಇದೆ. ಓಡಲಾರದು, ಕಚ್ಚಲಾರದು. ಅದರ ಮೈಯಲ್ಲಿ ಸಿಕ್ಕ ವಿಷ ಇದು. ಅದು ಪ್ರಾಣಿ ಅತ್ತೆ. ಮೊದಮೊದಲು ರಾಶಿಗಟ್ಟಲೆ ಜೀವಿಗಳನ್ನು ಅರೆದರೆ ಚಿಟಿಕೆಯಷ್ಟು ಔಷಧಿ ಸಿಗುತ್ತಿತ್ತಂತೆ. ಈಗ ಹಾಗಿಲ್ಲ. ಸೂಕ್ಷ್ಮಾಣುಗಳನ್ನು ಬೆಳೆಸಿ ಕಾರ್ಖಾನೆಯಲ್ಲಿಯೇ ತಯಾರಿಸುತ್ತಾರೆ. ಇವರ ಬಾಟಲಿಗಾಗಿ ಕಡಲಿನಲ್ಲಿ ಯಾವ ಜೀವವೂ ಸತ್ತಿಲ್ಲ. ಅದನ್ನಾದರೂ ಬಿಡಿಸಿ ಬರೆಯಬಹುದಿತ್ತು. ಧೈರ್ಯ ಬರಲಿಲ್ಲ. ಕ್ಯಾಪ್ಸೂಲಿನ ಹೊದಿಕೆ ದನದ ಎಲುಬಿನದೆಂದು ತಿಳಿದು ನೀವು ಮಾವನವರ ಔಷಧಿಯನ್ನು ಹಿತ್ತಲಿಗೆ ಎಸೆದದ್ದನ್ನು ನಾನು ನೋಡಿದ್ದೆ. ಪಾಚಿ ಎಂದು ಬರೆದುಬಿಟ್ಟೆ. ಇವರಿಗೂ ಹೇಳಿರಲಿಲ್ಲ. ಇವತ್ತು ಹೇಳಿದೆ. "ಅವ್ವಗ ಖರೇ ಬರಿ. ಆಕಿಗೆ ಸುಳ್ಳ ಒಂದ ಸೇರೂದಿಲ್ಲ" ಎಂದರು.

ನನ್ನ ಸುಳ್ಳಿನ ಫಲ ಇದು ಎಂದು ಅನ್ನಿಸುತ್ತಿದೆ.

ಪ್ರಾಚಿ


ಖಾನಾಪುರ
13 ಆಗಸ್ಟ್ 2025

ಪ್ರಾಚಿಗೆ,

ಇಂದಿನಿಂದ ಬುತ್ತಿ ಬರುವುದಿಲ್ಲ. ಆಸ್ಪತ್ರೆಯಲ್ಲಿ ಕೊಡುವುದನ್ನೇ ಕೊಡು.

ರಾಜಮತಿ


ಬೆಳಗಾವಿ, ಆಸ್ಪತ್ರೆಯಿಂದ
15 ಆಗಸ್ಟ್ 2025

ಅತ್ತೆಯವರೇ,

ತಪ್ಪು ನನ್ನದು, ಶಿಕ್ಷೆ ನನಗಿರಲಿ. ಅವರ ಬುತ್ತಿ ಏಕೆ ನಿಲ್ಲಿಸಿದಿರಿ? ಪ್ರಾಣಿಯ ಔಷಧಿ ಮೈಯಲ್ಲಿ ಹರಿದ ಮಗನಿಗೆ ನಿಮ್ಮ ಒಲೆಯ ಅಡುಗೆ ಕಳಿಸಬಾರದೆಂದೇ? ಅವರು ಎಚ್ಚರವಾದಾಗಲೆಲ್ಲ, "ಹಣಮಪ್ಪ ಬಂದನೇನ?" ಎಂದು ಕೇಳುತ್ತಾರೆ. ರೈಲು ತಡವಾಗಿದೆ ಎನ್ನುತ್ತೇನೆ. ಇನ್ನೊಂದು ಸುಳ್ಳು.

ಡಾಕ್ಟರು ಇವತ್ತು ಮತ್ತೆ ಕೇಳಿದರು. "ನೆನಪು ಮಾಡಿಕೋರಿ. ಬ್ಯಾರೆ ಏನೋ ಹೊಟ್ಟ್ಯಾಗ ಹೋಗೇತಿ. ಏನಂತ ಗೊತ್ತಾದ್ರ ನಮಗೊಂದು ದಾರಿ ಸಿಗತೇತಿ" ಎಂದರು. ಇಲ್ಲವೆಂದೇ ಹೇಳಿದೆ. ನಿಮ್ಮ ಕೈಯ ಊಟ ಬಿಟ್ಟರೆ ಬೇರೆ ಏನೂ ಹೋಗಿಲ್ಲ ಎಂದೆ.

ನಿಮಗೆ ಏನಾದರೂ ತೋಚಿದರೆ ಬರೆಯಿರಿ. ನನಗೆ ಬೈದಾದರೂ ಬರೆಯಿರಿ. ಹಣಮಪ್ಪನನ್ನು ಬರಿಗೈಯಲ್ಲಿ ಕಳಿಸಬೇಡಿ.

ಪ್ರಾಚಿ


ಖಾನಾಪುರ
8 ಸೆಪ್ಟೆಂಬರ್ 2025

ಚಿ. ಪ್ರಾಚಿಗೆ ಆಶೀರ್ವಾದ.

ದಶಲಕ್ಷಣ ಪರ್ವ ಮುಗಿದು ಇಂದು ಕ್ಷಮಾವಾಣಿ. ದೊಡ್ಡವರು ಚಿಕ್ಕವರೆನ್ನದೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಓಣಿಯ ಎಲ್ಲ ಮನೆಗಳಿಗೂ ಹೋಗಿ ಬಂದೆ. ನಿನಗೆ ಬರೆಯುತ್ತಿದ್ದೇನೆ.

ಆಗಸ್ಟ್ ಹದಿನೇಳರಂದು ವಿಪುಲ ಹೋದ. ಅವನನ್ನು ಖಾನಾಪುರಕ್ಕೇ ತಂದದ್ದರಿಂದ ಸೀಮೆ ದಾಟುವ ಪ್ರಸಂಗ ನನಗೆ ಬರಲಿಲ್ಲ. ಸೂತಕದ ದಿನಗಳಲ್ಲಿ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು, ನೀನೂ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಮರಳಿ ಟಿಳಕವಾಡಿಗೆ ಹೋಗಿ ಶಾಲೆಗೆ ಸೇರಿದ್ದು ಒಳ್ಳೆಯದಾಯಿತು. ಆ ವಿಷಯದಲ್ಲಿ ನಮ್ಮ ಬಳಗದವರು ಯಾರಾದರೂ ಒಂದು ಮಾತು ಅಂದರೆ ನನಗೆ ತಿಳಿಸು.

ಔಷಧಿಯ ವಿಷಯದಲ್ಲಿ ನೀನು ಸುಳ್ಳು ಹೇಳಿದ್ದನ್ನು ಕ್ಷಮಿಸಿದ್ದೇನೆ. ನನ್ನಿಂದಲೂ ತಿಳಿದೋ ತಿಳಿಯದೆಯೋ, ಮನಸ್ಸಿನಿಂದಾಗಲಿ ಮಾತಿನಿಂದಾಗಲಿ ಕೈಯಿಂದಾಗಲಿ ತಪ್ಪಾಗಿದ್ದರೆ ಕ್ಷಮೆ ಇರಲಿ.

ರಾಜಮತಿ


ಟಿಳಕವಾಡಿ
10 ಸೆಪ್ಟೆಂಬರ್ 2025

ಅತ್ತೆಯವರಿಗೆ ನಮಸ್ಕಾರ.

ಕ್ಷಮಾವಾಣಿಯ ಪತ್ರ ತಲುಪಿತು. ಪ್ರತಿ ವರ್ಷ ಎಲ್ಲರೂ ಎಲ್ಲರಿಗೂ ಇದನ್ನೇ ಬರೆಯುತ್ತೇವೆ. ನಾನೂ ಇವತ್ತು ಹಾಗೆಯೇ ನಾಲ್ಕು ಸಾಲು ಬರೆದು ಕಳಿಸುವವಳಿದ್ದೆ.

ನಿನ್ನೆ ವಡಗಾವಿಗೆ ಹೋಗಿದ್ದೆ. ಶಿವಲಿಂಗವ್ವ ಸಲಾಯಿನ್ ಬಿಟ್ಟಿದ್ದಾರೆ. ಇಪ್ಪತ್ತೈದನೆಯ ತಾರೀಖಿನದು ತಪ್ಪಿಸಿಕೊಂಡರು, ಬರುವ ಸೋಮವಾರದ್ದೂ ಬೇಡವೆನ್ನುತ್ತಾರೆ. ಅವರ ಲಿವರ್ ಚೆನ್ನಾಗಿದೆ, ಗಡ್ಡೆ ಅರ್ಧವಾಗಿತ್ತು. ಎಷ್ಟು ಹೇಳಿದರೂ ಕೇಳಲಿಲ್ಲ. "ನಿಮ್ಮ ಯಜಮಾನ್ರು ನನ್ನ ಕಣ್ಣಮುಂದ ಹಳದಿ ಆಗಿ ಹೋದ್ರು ಟೀಚರ. ಅದ ನೀರು ನನಗೂ ಬ್ಯಾಡ್ರಿ. ಮಗ್ಗದ ಸಪ್ಪಳ ಕೇಳಕೋತ ಮನ್ಯಾಗ ಸಾಯತೇನಿ" ಎಂದರು. ಈ ಸಲ ಯಾರನ್ನೂ ನಗಿಸಲಿಲ್ಲ. ಡಾಕ್ಟರು ಕೂಡ ಇವರ ಸಾವಿಗೆ ಔಷಧಿಯೇ ಕಾರಣವೆಂದು ಬರೆದಿದ್ದಾರೆ. ಇನ್ನು ಬೇರೆಯವರಿಗೆ ಅದನ್ನು ಕೊಡಲು ಅವರೂ ಹೆದರುತ್ತಾರೆ.

ಅಲ್ಲಿಂದ ಬರುತ್ತ ದಾರಿಯಲ್ಲಿ ಮೆಂತ್ಯೆ ಸೊಪ್ಪಿನ ಗಾಡಿ ನೋಡಿದೆ. ನೋಡುತ್ತ ನಿಂತುಬಿಟ್ಟೆ. ಮದುವೆಯಾಗಿ ಬಂದ ಮೊದಲ ವರ್ಷ ನಾನು ತಿಳಿಯದೆ ಒಂದು ಕಟ್ಟು ತಂದಾಗ, ಮಳೆಗಾಲದ ಎಲೆಯಲ್ಲಿ ಹುಳ ಇರುತ್ತವೆ, ಚಾತುರ್ಮಾಸದಲ್ಲಿ ಸೊಪ್ಪು ಒಳಗೆ ಬರಬಾರದು ಎಂದು ನೀವು ಅದನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿದ್ದಿರಿ. ಮನೆಗೆ ಬಂದು, ದಪಾಟಿಯ ಬಗ್ಗೆ ನೀವು ಬರೆದ ಪತ್ರ ತೆಗೆದು ಮತ್ತೆ ಓದಿದೆ. ಸೊಪ್ಪು ಹಾಕಿದ್ದೇನೆ ಎಂದು ನೀವು ಬರೆದಿರಲಿಲ್ಲ. ಸೊಪ್ಪೆಂದು ತಿಳಿ ಎಂದು ಬರೆದಿದ್ದಿರಿ.

ನಾನು ಏನನ್ನೂ ಹೇಳುತ್ತಿಲ್ಲ. ಒಂದು ಕೇಳುತ್ತೇನೆ. ನಿಮಗೆ ಕ್ಷಮೆ ಬೇಕಾದದ್ದು ಯಾವುದಕ್ಕೆ?

ಪ್ರಾಚಿ


ಖಾನಾಪುರ
12 ಸೆಪ್ಟೆಂಬರ್ 2025

ಪ್ರಾಚಿ,

ಕೇಳಿದ್ದಕ್ಕೆ ಉತ್ತರ.

ದಪಾಟಿಯಲ್ಲಿ ಇದ್ದದ್ದು ಭೂಪಾಲ ತಂದ ಪುಡಿ. ಜುಲೈ ಇಪ್ಪತ್ತೊಂದರಿಂದ ಹಾಕಿದೆ. ಸಲಾಯಿನ್ ನಿಲ್ಲಿಸಿದರೆಂದು ನೀನು ಬರೆದ ಮೇಲೆ, ಅಲ್ಲಿ ಸಿಗದದ್ದು ಇಲ್ಲಿಂದಾದರೂ ಹೋಗಲಿ ಎಂದು ಮೊದಲಿನ ಎರಡರಷ್ಟಕ್ಕಿಂತ ಹೆಚ್ಚು ಹಾಕಿದೆ. ಭೂಪಾಲನನ್ನು ಇದರಲ್ಲಿ ಎಳೆಯಬೇಡ. ಅವನು ತಂದವನು. ಕಲಸಿದ ಕೈ ನನ್ನದು.

ಡಬ್ಬಿಯ ಮೇಲೆ ಯಾವ ಪ್ರಾಣಿಯದೆಂದು ಹುಡುಕಿದೆ. ಯಾರಿಗೆ ಕೊಡಬಾರದೆಂದು ಹುಡುಕಲಿಲ್ಲ. ಅದು ಕೆಳಗೆ ಸಣ್ಣ ಅಕ್ಷರದಲ್ಲಿ ಇದೆ. ಲಿವರಿನ ತೊಂದರೆ ಇದ್ದವರು, ಬೇರೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಬೇಕು ಎಂದು. ನಾನು ಹಸಿರು ಚುಕ್ಕೆ ಕಂಡ ಮೇಲೆ ನಡುವಿನ ಎರಡು ಸಾಲು ಓದಿ ಕನ್ನಡಕ ತೆಗೆದಿಟ್ಟಿದ್ದೆ. ಪ್ರತಿ ಅಕ್ಷರ ಓದಿದೆ ಎಂದು ನಿನಗೆ ಬರೆದದ್ದು ಸುಳ್ಳು.

ಅದು ಪ್ರಾಣಿಯದು ಎಂದು ನೀನು ಮೊದಲೇ ಬರೆದಿದ್ದರೆ ಏನು ಮಾಡುತ್ತಿದ್ದೆ ಎಂದು ಈ ದಿನಗಳಲ್ಲಿ ಬಹಳ ಯೋಚಿಸಿದೆ. ಪಾಪ ನನಗಿರಲಿ, ಕೊಡು ಎನ್ನುತ್ತಿದ್ದೆನೋ, ಬೇಡವೆನ್ನುತ್ತಿದ್ದೆನೋ, ನನಗೇ ಗೊತ್ತಿಲ್ಲ. ಗೊತ್ತಿದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಸೂಕ್ಷ್ಮಾಣುಗಳನ್ನು ಬೆಳೆಸಿ ಮಾಡುತ್ತಾರೆಂದು ನೀನು ಸಮಾಧಾನ ಹೇಳಿದ್ದೆ. ಅವೂ ಜೀವಗಳೇ, ನಿನ್ನ ಪುಸ್ತಕಕ್ಕೆ ನೆನಪಿಲ್ಲದಿದ್ದರೂ ನಮ್ಮ ಶಾಸ್ತ್ರಕ್ಕೆ ನೆನಪಿದೆ. ಆದರೆ ಆ ಲೆಕ್ಕ ಹಾಕುವ ಹಕ್ಕು ಈಗ ನನಗಿಲ್ಲ.

ನಿನ್ನ ಆಗಸ್ಟ್ ಹನ್ನೆರಡರ ಪತ್ರ ಓದಿದಾಗಲೇ ನನಗೆ ತಿಳಿಯಿತು. ಆ ಬಾಟಲಿಯದು ಬೇರೆ, ನಾನು ಕೊಡುತ್ತಿರುವುದು ಬೇರೆ ಎಂದು. ಮರುದಿನ ಎರಡು ಸಾಲು ಬರೆದು ಕಳಿಸಿದೆ. ಮೂರನೆಯ ಸಾಲು ಬರೆಯಬೇಕಿತ್ತು. ಬುತ್ತಿ ನಿಲ್ಲಿಸಿದರೆ ಸಾಕು, ಹಳದಿ ತಾನಾಗಿ ಇಳಿಯುತ್ತದೆ, ಸೊಸೆಯ ಮುಂದೆ ತಲೆ ತಗ್ಗಿಸುವುದು ತಪ್ಪುತ್ತದೆ ಎಂದುಕೊಂಡೆ. ಹದಿನೈದರಂದು ಡಾಕ್ಟರು ಕೇಳಿದ್ದನ್ನು ನೀನು ಬರೆದೆ. ಮರುದಿನ ಬೆಳಿಗ್ಗೆ ಉತ್ತರ ಬರೆದು ಮಡಚಿ ಹಣಮಪ್ಪನ ಕೈಗೆ ಕೊಟ್ಟೆ. ಅವನು ಅಂಗಳ ದಾಟುವಾಗ ಕರೆದು ಇಸಿದುಕೊಂಡು ಒಲೆಗೆ ಹಾಕಿದೆ. ವಿಪುಲ ಆಗ ಬದುಕಿದ್ದ, ಪ್ರಾಚಿ. ಇನ್ನೂ ಒಂದು ದಿನ ಬದುಕಿದ್ದ.

ಇದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ನೀನು ಕೊಡುವುದೂ ಬೇಡ. ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆದೆನಲ್ಲ, ಆ ಪತ್ರ ಹರಿದುಹಾಕು. ಅದನ್ನು ಬರೆಯುವ ಮೋರೆ ನನಗಿರಲಿಲ್ಲ.

ಸೋಮವಾರ ಬೆಳಗಿನ ರೈಲಿಗೆ ಬರುತ್ತೇನೆ. ವ್ರತ ಮುರಿಯುತ್ತದೆ. ಅದಕ್ಕೆ ಮಹಾರಾಜರು ಏನು ವಿಧಿಸುತ್ತಾರೋ ಬಂದು ಕೇಳುತ್ತೇನೆ. ಮಗನಿಗಾಗಿ ದಾಟದ ಸೀಮೆಯನ್ನು ಯಾರೋ ಹೆಂಗಸಿಗಾಗಿ ದಾಟಿದಳು ಎಂದು ಊರು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ, ಅದು ಖರೇ ಇದೆ. ಉಳಿದ ಪುಡಿ ಡಬ್ಬಿಯ ಸಮೇತ ತರುತ್ತೇನೆ. ಡಾಕ್ಟರು ಅದನ್ನು ಎಲ್ಲಿ ಕಳಿಸಿ ಪರೀಕ್ಷೆ ಮಾಡಿಸಬೇಕೋ ಮಾಡಿಸಲಿ, ಕಾಗದದಲ್ಲಿ ಏನು ತಿದ್ದಬೇಕೋ ತಿದ್ದಲಿ.

ಶಿವಲಿಂಗವ್ವನನ್ನು ಹೇಗಾದರೂ ಮಾಡಿ ಆ ಹೊತ್ತಿಗೆ ಆಸ್ಪತ್ರೆಗೆ ಕರೆದುಕೊಂಡು ಬಾ. ಸಲಾಯಿನ್ ಹಾಕಿಸಿಕೊಳ್ಳಬೇಕೋ ಬೇಡವೋ ಆಕೆಯ ಇಷ್ಟ. ಆದರೆ ನನ್ನ ಬಾಯಿಂದ ಕೇಳಿದ ಮೇಲೆ ನಿರ್ಧಾರ ಮಾಡಲಿ.

ನೀನು ನನ್ನ ಪಕ್ಕದಲ್ಲಿ ಕುಳಿತುಕೊಳ್ಳಬೇಕಾಗುತ್ತದೆ, ಮನಸ್ಸಿಲ್ಲದಿದ್ದರೂ. ನನಗೆ ಕಿವಿ ಕೇಳುವುದಿಲ್ಲ. ಮೊದಲೇ ಹೇಳಿದ್ದರೆ ಅವನು ಉಳಿಯುತ್ತಿದ್ದನೇ ಎಂದು ಡಾಕ್ಟರನ್ನು ಕೇಳುತ್ತೇನೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ನನ್ನ ಕೈಗೆ ಕೊಡು. ಮೆತ್ತಗೆ ಮಾಡಿ ಬರೆಯಬೇಡ.

ರಾಜಮತಿ